ಬಾಯಿ ಮುಚ್ಚಿಸಿದ ಸಾಲು

ಪೀಣ್ಯ ಎರಡನೇ ಹಂತದಲ್ಲಿ, ಸ್ಪ್ರಿಂಗ್ ಮಾಡುವ ಶೆಡ್ಡಿನ ಮೇಲಿನ ಮಹಡಿಯಲ್ಲಿ, ಕೃಪಾ ಹದಿಮೂರು ವರ್ಷದಿಂದ ಒಂದೇ ಜಾಗದಲ್ಲಿ ಕೂತಿದ್ದಾಳೆ. ಕುರ್ಚಿ ಎರಡು ಸಲ ಬದಲಾಗಿದೆ, ಜಾಗ ಬದಲಾಗಿಲ್ಲ. ಸಾಫ್ಟ್‌ವೇರ್ ಕೆಲಸ ಅಂದ ತಕ್ಷಣ ಜನ ವೈಟ್‌ಫೀಲ್ಡಿನ ಗಾಜಿನ ಕಟ್ಟಡ, ಕುತ್ತಿಗೆಗೆ ನೇತುಹಾಕಿದ ಕಾರ್ಡು, ಫ್ರೀ ಕಾಫಿ ಅಂತೆಲ್ಲ ಎಣಿಸಿಬಿಡ್ತಾರೆ. ಇದು ಆ ಪೈಕಿ ಅಲ್ಲ ಕಣ್ರೀ. ಇಲ್ಲಿ ಕೆಳಗಿನಿಂದ ಎಣ್ಣೆ ವಾಸನೆ ಹತ್ತಿ ಬರುತ್ತೆ. ಮಧ್ಯಾಹ್ನ ಡಬ್ಬಿ ತೆಗೆದರೆ ಚಿತ್ರಾನ್ನಕ್ಕೂ ಅದೇ ವಾಸನೆ.

ಆಫೀಸಿಗೆ ಏನೋ ಒಂದು ಇಂಗ್ಲಿಷ್ ಹೆಸರಿದೆ, ಯಾರೂ ಕರೆಯಲ್ಲ. ಶ್ರೀಧರ್ ಆಫೀಸು ಅಂದರೆ ಆಯಿತು. ಶ್ರೀಧರ್ ಮಾಲೀಕರು, ಅರವತ್ತು ಜನಕ್ಕೆ ಸಂಬಳ ಕೊಡೋರು. ಅವರು ಮಾಡಿಸುವುದು ಪ್ರೆಸ್ ಮಷೀನಿಗೆ ತಗುಲಿಸುವ ಒಂದು ಪೆಟ್ಟಿಗೆ. ಪ್ರೆಸ್ಸು ಅಂದರೆ ತಗಡನ್ನು ಅಚ್ಚಿನ ಮೇಲಿಟ್ಟು, ಮೇಲಿನಿಂದ ಟನ್ನುಗಟ್ಟಲೆ ಭಾರ ಬೀಳಿಸಿ, ಒಂದೇ ಏಟಿಗೆ ಆಕಾರ ಕೊಡುವ ಯಂತ್ರ. ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಅದು ಬೀಳಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನೊಳಗೆ ಸಿಕ್ಕಿಕೊಳ್ಳಕ್ಕೆ ಮೂರನೇ ಕೈ ಎಲ್ಲಿಂದ ಬರಬೇಕು, ಅಷ್ಟೇ ಅದರ ಲೆಕ್ಕ. ಒಂದು ಏಟು ಬಿದ್ದಮೇಲೆ ಎರಡು ಸೆಕೆಂಡು ಯಂತ್ರ ಕದಲಬಾರದು, ಅದಕ್ಕೊಂದು ಬೀಗ. ಆ ಎರಡು ಸೆಕೆಂಡಿನಲ್ಲೇ ಆಪರೇಟರ್ ಕೈ ಹಾಕಿ ಮಾಲು ಹೊರಗೆ ತೆಗೀತಾನೆ. ಬಟನ್, ಬೀಗ ಎರಡನ್ನೂ ಕಾಯುವುದು ಆ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಬರೆದವಳು ಕೃಪಾ.

ಈ ಕೆಲಸ ಅವಳಿಗೆ ಆಕಸ್ಮಿಕವಾಗಿ ಬಂದದ್ದಲ್ಲ. ಅವಳಪ್ಪ ನಲ್ಲಪ್ಪನವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು, ಹತ್ತಕ್ಕೆ ಹತ್ತೂ ಬೆರಳು ಉಳಿಸಿಕೊಂಡು ರಿಟೈರ್ ಆದ ಮನುಷ್ಯ. ಮದುವೆ ಮನೆಯಲ್ಲಿ ಹಳೇ ಸ್ನೇಹಿತರು ಸಿಕ್ಕರೆ ಕೈ ಕುಲುಕಿ, ಅವರ ಬೆರಳು ಎಣಿಸಿ, ತಮ್ಮ ಬೆರಳು ತೋರಿಸೋರು. "ಪ್ರೆಸ್ಸಿನ್ ಮುಂದೆ ನಿಂತೋನ್ಗೆ ಬೆರಳೇ ಸರ್ಟಿಫಿಕೇಟು," ಅನ್ನೋರು. ಮಗಳು ಪ್ರೆಸ್ಸಿನ ಬೀಗ ಬರೀತಾಳೆ ಅನ್ನೋದು ಅವರಿಗೆ ದೊಡ್ಡ ಹೆಮ್ಮೆ. ಅಕ್ಕಪಕ್ಕದವರಿಗೆ ಅದನ್ನ ಹೇಳಿ ಹೇಳಿ ತಲೆ ಚಿಟ್ಟು ಹಿಡಿಸಿದ್ದರು.

ಮೂರು ವರ್ಷದ ಹಿಂದೆ ದೊಡ್ಡ ಗಿರಾಕಿಯೊಬ್ಬರು ಒಂದು ಷರತ್ತು ಹಾಕಿದರು: ನಿಮ್ಮ ಪ್ರೋಗ್ರಾಮನ್ನು ಅನಲೈಸರ್ ಪರೀಕ್ಷೆ ಮಾಡಿರಬೇಕು, ಒಂದು ಎಚ್ಚರಿಕೆಯೂ ಬಾಕಿ ಇರಬಾರದು. ಅನಲೈಸರ್ ಅಂದರೆ ಪ್ರೋಗ್ರಾಮನ್ನು ಓಡಿಸದೆ, ಬರೀ ಓದಿಯೇ ತಪ್ಪು ಹಿಡಿಯುವ ಇನ್ನೊಂದು ಪ್ರೋಗ್ರಾಮ್. ಅವಳು ಬರೆಯುವ ಜಾಗದಲ್ಲೇ ಬಂದು ಕೂತುಕೊಂಡಿತು. ಟೈಪ್ ಮಾಡ್ತಾ ಇದ್ದ ಹಾಗೇ ಸಾಲಿನ ಕೆಳಗೆ ಹಳದಿ ಗೆರೆ ಎಳೆಯೋದು, ಪಕ್ಕದಲ್ಲಿ ಇದು ಹೀಗಾಗಬಹುದು, ಅದು ಹಾಗಾಗಬಹುದು ಅಂತ ಉಪದೇಶ. ಮೊದಲನೇ ದಿನವೇ ನಾನೂರ ಹನ್ನೆರಡು ಹಳದಿ. ಹತ್ತು ವರ್ಷ ಸಂಸಾರ ಮಾಡಿದ ಮನೆಗೆ ಯಾರೋ ಬಂದು ಮೂಲೆ ಮೂಲೆಗೆ ಬೆರಳು ಸವರಿ ಧೂಳು ತೋರಿಸಿದ ಹಾಗಾಯಿತು ಅವಳಿಗೆ. ಸಿಟ್ಟು ಬಂತು.

ಅವಳದೂ ತಪ್ಪಿಲ್ಲ ಅನ್ನಿ. ಆ ನಾನೂರ ಹನ್ನೆರಡರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕಿರಿಕಿರಿ. ತೋಳ ಬಂತು ತೋಳ ಅಂತ ದಿನಕ್ಕೆ ನೂರು ಸಲ ಕೂಗಿದರೆ ಯಾರು ತಾನೆ ಕೋಲು ಹಿಡಿದು ಓಡ್ತಾರೆ? ಅದಕ್ಕೂ ಒಂದು ಉಪಾಯ ಇತ್ತು. ಹಳದಿ ಬಂದ ಸಾಲಿನ ತಲೆ ಮೇಲೆ, ಇದರಿಂದ ತೊಂದರೆ ಇಲ್ಲ, ಕಾರಣ ಇಂಥದ್ದು, ಅಂತ ಬರೆದು ಕೆಳಗೆ ತನ್ನ ಇನಿಷಿಯಲ್ ಹಾಕಿಬಿಟ್ಟರೆ ಅನಲೈಸರ್ ಆ ಸಾಲಿನ ಬಗ್ಗೆ ಜನ್ಮದಲ್ಲಿ ತಿರುಗಿ ಮಾತಾಡಲ್ಲ. ಆಫೀಸಿನಲ್ಲಿ ಅದಕ್ಕೆ 'ಬಾಯಿ ಮುಚ್ಸೋದು' ಅಂತ ಹೆಸರು ಬಿತ್ತು. ಹಳದಿ ಸೊನ್ನೆಗೆ ಇಳಿದ ದಿನ ಶ್ರೀಧರ್ ರಸ್ತೆಯ ದರ್ಶಿನಿ ಹೋಟೆಲಿನಿಂದ ಎಲ್ಲರಿಗೂ ಮಸಾಲೆ ದೋಸೆ ತರಿಸೋರು. ಸೊನ್ನೆ ದೋಸೆ ಅಂತಲೇ ಅದಕ್ಕೂ ಹೆಸರು. ಗುರುವಾರ ಸಂಜೆ ಬಂತೆಂದರೆ, ಇನ್ನೆಷ್ಟು ಬಾಯಿ ಮುಚ್ಚಿಸಬೇಕು, ನಾಳೆ ದೋಸೆ ಉಂಟೋ ಇಲ್ಲವೋ ಅಂತ ಒಬ್ಬರನ್ನೊಬ್ಬರು ಕೇಳೋರು. ನಗುನಗುತ್ತಾ ನಡೆದ ಕೆಲಸ.

ಸಾವಿರದ ನೂರ ಎಂಬತ್ತಾರನೇ ಸಾಲು ಬಂದದ್ದು ಅಂಥ ಒಂದು ಗುರುವಾರ. ಅದು ಬೀಗದ ಸಾಲು. ಪೆಟ್ಟಿಗೆಯೊಳಗೆ ಒಂದು ಮೀಟರ್ ಇದೆ. ಕರೆಂಟು ಬಂದ ಕ್ಷಣದಿಂದ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಬಿಡದೆ ಎಣಿಸ್ತಾ ಹೋಗುತ್ತೆ. ನಲವತ್ತೊಂಬತ್ತು ದಿನ ಹದಿನೇಳು ಗಂಟೆ ಆದರೆ ಅದರ ಅಂಕಿ ಮುಗಿದುಹೋಗಿ, ಹಳೇ ಸ್ಕೂಟರಿನ ಮೀಟರ್ ಥರ, ತಿರುಗಿ ಸೊನ್ನೆಗೆ ಬೀಳುತ್ತೆ. ಅದು ಬೀಳುವ ಗಳಿಗೆಯಲ್ಲೇ ಪ್ರೆಸ್ಸು ಏಟು ಹೊಡೆದಿದ್ದರೆ ಬೀಗದ ಲೆಕ್ಕ ತಪ್ಪಬಹುದು ಅಂತ ಅನಲೈಸರ್ ಹೇಳಿತ್ತು. ಬೀಗ ತಪ್ಪಿದರೆ ಒತ್ತಿದ ಆಜ್ಞೆ ಇನ್ನೂ ಅಳಿಸಿರಲ್ಲ, ಪ್ರೆಸ್ಸು ಕೇಳದೇ ಇನ್ನೊಂದು ಏಟು ಹೊಡೆಯುತ್ತೆ. ಕೃಪಾಗೆ ಇದು ಅರ್ಥವಾಗಲಿಲ್ಲ ಅಂತ ಅಲ್ಲ. ಪೂರಾ ಅರ್ಥವಾಯಿತು. ಅರ್ಥವಾಗಿಯೇ ಅವಳಿಗೆ ನಗು ಬಂತು.

ಪೀಣ್ಯದಲ್ಲಿ ನಲವತ್ತೊಂಬತ್ತು ದಿನ ಒಂದೇ ಸಮನೆ ಕರೆಂಟು ಯಾವ ಕಾಲಕ್ಕೆ ಇತ್ತು ಸ್ವಾಮಿ? ವಾರಕ್ಕೊಂದು ಸಲ ಹೋಗದಿದ್ದರೆ ಜನ ಏನೋ ಎಡವಟ್ಟಾಗಿದೆ ಅಂತ ಗಾಬರಿಯಾಗ್ತಾರೆ. ಪ್ರತಿ ಸಲ ಹೋದಾಗಲೂ ಮೀಟರ್ ಮೊದಲಿಂದ ಶುರು. ಅವಳು ಸಾಲಿನ ತಲೆ ಮೇಲೆ ಬರೆದಳು: "ಪೀಣ್ಯದಲ್ಲಿ ಕರೆಂಟು ಅಷ್ಟು ದಿನ ನಿಲ್ಲಲ್ಲ. ಕೆ.ಎನ್." ಹಳದಿ ಮಾಯವಾಯಿತು. ಪಕ್ಕದ ಟೇಬಲ್ಲಿನವರು ಓದಿ ನಕ್ಕರು, ಶ್ರೀಧರ್ ಕೂಡ ನಕ್ಕರು. ಮಾರನೇ ದಿನ ದೋಸೆ ಬಂತು. ಎರಡು ವರ್ಷ ಅವಳ ಮಾತೇ ನಿಜವಾಗಿ ನಡೆಯಿತು.

ಆಮೇಲೆ ಬ್ಯಾಟರಿ ಬಂತು. ಕರೆಂಟು ಹೋಗಿ ಬಂದಾಗೆಲ್ಲ ಪೆಟ್ಟಿಗೆ ಎದ್ದೇಳಕ್ಕೆ ಮೂರು ನಿಮಿಷ ಹಿಡಿಯುತ್ತೆ, ಎಣಿಸಿದ ಪೀಸೂ ಅಳಿಸಿಹೋಗುತ್ತೆ ಅಂತ ಶೆಡ್ಡಿನವರು ಗೊಣಗ್ತಿದ್ದರು. ಪೆಟ್ಟಿಗೆಯೊಳಗೇ ಒಂದು ಸಣ್ಣ ಬ್ಯಾಟರಿ ಕೂರಿಸೋಣ ಅಂದರು ಶ್ರೀಧರ್. ಒಳ್ಳೇ ಯೋಚನೆ, ಯಾರೂ ಬೇಡ ಅನ್ನಲಿಲ್ಲ. ಅದಕ್ಕೆ ಬೇಕಾದ ನಾಲ್ಕು ಸಾಲು ಬರೆದವಳೂ ಕೃಪಾನೇ. ಬರೆದಾದ ಮೇಲೆ ಅನಲೈಸರ್ ಓಡಿಸಿದಳು, ಸೊನ್ನೆ ಅಂತು. ಬಾಯಿ ಮುಚ್ಚಿಸಿದ್ದು ಇನ್ನೇನು ಅಂದೀತು? ಕರೆಂಟು ಹೋಗುತ್ತೆ ಅನ್ನೋ ಧೈರ್ಯದ ಮೇಲೆ ಬರೆದ ಒಂದು ಸಾಲಿದೆ, ಈಗ ಅದೇ ಧೈರ್ಯವನ್ನ ನಾವೇ ಕಿತ್ತುಹಾಕ್ತಿದ್ದೀವಿ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಟ್ರಯಲ್ ಅಂತ ಮೊದಲ ಬ್ಯಾಟರಿ ಕೂತದ್ದು ಹಿಂದಿನ ರಸ್ತೆಯ ಸಿದ್ದರಾಜು ಶೆಡ್ಡಿನ ಒಂದು ಪ್ರೆಸ್ಸಿಗೆ, ಜನವರಿ ಆರನೇ ತಾರೀಖು. ಆ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದವನು ಯಮನೂರ.

ಫೆಬ್ರವರಿ ಇಪ್ಪತ್ತೈದರ ಬೆಳಿಗ್ಗೆ ಯಮನೂರನ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಶ್ರೀಧರ್ ಮಾರನೇ ದಿನ ಕೃಪಾಳನ್ನು ಕರೆದರು. "ಫ್ಯಾಕ್ಟರಿ ಇನ್ಸ್‌ಪೆಕ್ಟರ್‌ಗೆ ನಮ್ ಕಡೆಯಿಂದ ಒಂದು ರಿಪೋರ್ಟ್ ಕೊಡ್ಬೇಕು ಕೃಪಾ. ನೀವೇ ಹೋಗಿ ನೋಡ್ಕೊಂಡ್ ಬನ್ನಿ. ಬಟನ್ ಕಟ್ಟಿದ್ನಂತೆ, ಮಾಮೂಲಿ."

ಬಟನ್ ಕಟ್ಟೋದು ಏನು ಅಂತ ಪೀಣ್ಯದಲ್ಲಿ ಯಾರನ್ನ ಬೇಕಾದರೂ ಕೇಳಿ. ಎರಡು ಕೈ ಒತ್ತೋದು ನಿಧಾನ. ಒಂದು ಬಟನ್ನಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದು ಒತ್ತಿಟ್ಟರೆ ಒಂದೇ ಕೈಯಲ್ಲಿ ಹೊಡೀಬಹುದು, ಇನ್ನೊಂದು ಕೈ ಮಾಲು ತೆಗೀತಾ ಇರಬಹುದು, ಪೀಸು ಜಾಸ್ತಿ ಬೀಳುತ್ತೆ. ದುಬಾರಿ ಪೆಟ್ಟಿಗೆಗಳು ಇದನ್ನೂ ಹಿಡೀತಾವೆ. ಶ್ರೀಧರ್ ಪೆಟ್ಟಿಗೆ ಪೀಣ್ಯದ ರೇಟಿನದ್ದು, ಅದಕ್ಕೆ ಗೊತ್ತಾಗಲ್ಲ. ಮಾಲೀಕರಿಗೆ ಎಲ್ಲ ಗೊತ್ತು. ಪೀಸು ಏರುವವರೆಗೆ ಕಣ್ಣು ಮುಚ್ಚಿರ್ತಾರೆ, ಕೈ ಹೋದ ದಿನ ಕಣ್ಣು ಬಿಡ್ತಾರೆ.

ಸಿದ್ದರಾಜು ಇಲ್ಲಿಯ ಮೂಲದ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಕಟ್ಟಿ, ಬಾಡಿಗೆಗೆ ಕೊಡೋ ಬದಲು ತಾವೇ ಪ್ರೆಸ್ ಹಾಕಿದವರು. ಅವರು ಕೃಪಾಳನ್ನು ಮಷೀನಿನ ಹತ್ತಿರ ಕರೆದುಕೊಂಡು ಹೋದರು. ನೆಲ ತೊಳೆದು ಮರದ ಪುಡಿ ಚೆಲ್ಲಿದ್ದರು. ಪ್ರೆಸ್ಸಿನ ಪಕ್ಕದ ಕೊಕ್ಕೆಯಲ್ಲಿ ಕಪ್ಪು ರಬ್ಬರ್ ಪಟ್ಟಿ ನೇತಾಡುತ್ತಿತ್ತು.

"ನೋಡಿ ಮೇಡಂ, ಸಾಕ್ಷಿ ಇಲ್ಲೇ ಐತೆ. ಇನ್ನೇನ್ ಬೇಕು?"

ಕೃಪಾ ಆಚೀಚೆ ನೋಡಿದಳು. ಸಾಲಾಗಿ ನಿಂತ ಆರೂ ಪ್ರೆಸ್ಸಿಗೂ ಅಂಥದೇ ಪಟ್ಟಿ ನೇತಾಡುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ಅಂಟಿಸಿದ ಕಾರ್ಡಿನ ಫೋಟೋ ತೆಗೆದುಕೊಂಡಳು, ಅಪಘಾತದ ರಿಜಿಸ್ಟರಿನದ್ದೂ ಒಂದು ಫೋಟೋ ತೆಗೆದಳು. ಹೊರಡುವಾಗ ಪಕ್ಕದ ಮಷೀನಿನವನು, ಸಿದ್ದರಾಜು ಅತ್ತ ತಿರುಗಿದ್ದು ನೋಡಿ, ತಗ್ಗಿದ ದನಿಯಲ್ಲಿ ಹೇಳಿದ. "ಎರಡ ಸಲ ಬಿತ್ತು, ಎರಡ ಸಲ ಬಿತ್ತು ಅಂತ ಅಂವ ಒದರಿದ್ನರೀ ಮೇಡಮ್ಮಾರ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ."

ಆಫೀಸಿಗೆ ಬಂದು ಅನಲೈಸರ್ ಓಡಿಸಿದಳು. ಸೊನ್ನೆ. ಹಸಿರು ಗುರುತು. ಸಮಾಧಾನವಾಯಿತು. ರಿಪೋರ್ಟಿನ ಮೊದಲ ಎರಡು ಪ್ಯಾರಾ ಬರೆದೂಬಿಟ್ಟಳು. ಆದರೆ ಆ 'ಎರಡ ಸಲ' ಅನ್ನೋದು ಬೆಳಗಿನ ಉಪ್ಪಿಟ್ಟಿನ ಜೊತೆ ಎದೆಯಲ್ಲೇ ನಿಂತುಕೊಂಡಿತು. ಬಟನ್ ಕಟ್ಟಿದವನಿಗೆ ಒಂದೇ ಸಲ ಬೀಳುತ್ತೆ, ತಾನು ಒತ್ತಿದಾಗಲೇ ಬೀಳುತ್ತೆ. ಕೇಳದೇ ಎರಡನೇ ಏಟು ಬೀಳಬೇಕಾದರೆ ಬೀಗ ತೆಗೆದಿರಬೇಕು. ಬೀಗ ತನ್ನದು.

ಅನಲೈಸರಿನಲ್ಲಿ ಬಾಯಿ ಮುಚ್ಚಿಸಿದ್ದನ್ನೂ ತೋರಿಸು ಅನ್ನುವ ಒಂದು ಗುಂಡಿ ಇದೆ. ಎರಡು ವರ್ಷದಲ್ಲಿ ಅದನ್ನ ಯಾರೂ ಮುಟ್ಟಿರಲಿಲ್ಲ. ಅವಳು ಒತ್ತಿದಳು. ಪರದೆ ತುಂಬ ಹಳದಿ ಎದ್ದಿತು, ನಾನೂರ ಹನ್ನೆರಡೂ. ಒಂದೊಂದೇ ಇಳಿದು ಬಂದು ಸಾವಿರದ ನೂರ ಎಂಬತ್ತಾರಕ್ಕೆ ನಿಂತಳು. ತನ್ನದೇ ಜೋಕನ್ನು ಓದಿದಳು. ಫೋನ್ ತೆಗೆದು ಕಾರ್ಡಿನ ಫೋಟೋ ನೋಡಿದಳು. ಬ್ಯಾಟರಿ ಹಾಕಿದ್ದು ಜನವರಿ ಆರು, ಸಂಜೆ ನಾಲ್ಕು ಗಂಟೆ. ಅದಕ್ಕೆ ನಲವತ್ತೊಂಬತ್ತು ದಿನ ಹದಿನೇಳು ಗಂಟೆ ಕೂಡಿಸಿದಳು. ಫೆಬ್ರವರಿ ಇಪ್ಪತ್ತೈದು, ಬೆಳಿಗ್ಗೆ ಒಂಬತ್ತು ಗಂಟೆ. ರಿಜಿಸ್ಟರಿನಲ್ಲಿ ಸಿದ್ದರಾಜು ಅವರ ಅಕ್ಷರದಲ್ಲೇ ಬರೆದಿತ್ತು: ಬೆಳಿಗ್ಗೆ ಒಂಬತ್ತು ಗಂಟೆ, ಟೀ ಬರೋಕೆ ಮುಂಚೆ.

ಇನ್ನೊಂದು ಸಲ ಕೂಡಿಸಿ ನೋಡಿದಳು, ಅದೇ ಒಂಬತ್ತು ಗಂಟೆ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಗೊತ್ತಿಲ್ಲದೇ ಮಾಡಿದ್ದರೆ ಒಂದು ಥರ. ಇದು ಹೇಳಿದರೂ ಕೇಳದೇ, ನಕ್ಕು, ಸಹಿ ಹಾಕಿ ಮಾಡಿದ್ದು.

ಶ್ರೀಧರ್ ಎಲ್ಲ ಕೇಳಿಸಿಕೊಂಡು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಅವರನ್ನ ಕೆಟ್ಟವರು ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಟ್ರಯಲ್ ಆದಮೇಲೆ ಬ್ಯಾಟರಿ ಕೂರಿಸಿದ್ದ ಇನ್ನೂ ಎಂಬತ್ಮೂರು ಪೆಟ್ಟಿಗೆ ಗಿರಾಕಿಗಳ ಶೆಡ್ಡುಗಳಲ್ಲಿ ಓಡುತ್ತಿದ್ದವು. ಅವತ್ತು ಮಧ್ಯಾಹ್ನದಿಂದಲೇ ಇದ್ದಬದ್ದ ಸರ್ವಿಸಿನವರನ್ನೆಲ್ಲ ಓಡಿಸಿ, ಫ್ರೀ ಸರ್ವಿಸ್ ಅಂತ ಹೆಸರು ಹೇಳಿಸಿ, ಹತ್ತು ದಿನದಲ್ಲಿ ಒಂದನ್ನೂ ಬಿಡದೆ ಹೊಸ ಪ್ರೋಗ್ರಾಮ್ ಹಾಕಿಸಿದರು. ಇನ್ನೊಂದು ಕೈ ಹೋಗಲಿಲ್ಲ. ಅಷ್ಟನ್ನ ಮೆಚ್ಚಲೇಬೇಕು. ಆದರೆ ರಿಪೋರ್ಟಿನ ಮಾತು ಬಂದಾಗ ಮನುಷ್ಯ ಬೇರೆಯಾದರು.

"ಶೆಡ್ಡಲ್ಲಿ ರಬ್ಬರ್ ಇತ್ತಾ, ಇಲ್ವಾ?"

"ಇತ್ತು ಸಾರ್. ಎಲ್ಲಾ ಮಷೀನಿಗೂ ಇತ್ತು."

"ಇತ್ತಲ್ಲ, ಅಷ್ಟು ಬರೀರಿ. ಸುಳ್ಳು ಬರೀರಿ ಅಂತ ನಾನ್ ಹೇಳ್ತಿಲ್ಲ. ಅರವತ್ ಮನೆ ನಡೀತಿದೆ ಕೃಪಾ ಇಲ್ಲಿ. ನಿಮ್ಮನೇನೂ ಸೇರಿ."

ಮನೆಗೆ ಬಂದಾಗ ನಲ್ಲಪ್ಪನವರು ಹಜಾರದಲ್ಲಿ ಪೇಪರ್ ಹರಡಿಕೊಂಡು ಸೀಸನ್ನಿನ ಕೊನೇ ಅವರೆಕಾಯಿ ಬಿಡಿಸುತ್ತಿದ್ದರು. ಕೃಪಾ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು. ಕಾಯಿ ಬಿಡಿಸ್ತಾ ಬಿಡಿಸ್ತಾ ಎಲ್ಲಾ ಹೇಳಿದಳು. ಜೋಕನ್ನೂ ಬಿಡಲಿಲ್ಲ. ಮುದುಕರು ಬೈತಾರೆ ಅಂತ ಕಾದಳು. ಬೈದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಅವ್ನ ಎಸ್ರೇನು?" ಅಂದರು.

ಕೃಪಾಗೆ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿತ್ತು, ಫೋಟೋ ತೆಗೆದವಳು ಅವಳೇ, ಗಂಟೆ ನೋಡಿದ್ದಳು, ಹೆಸರು ನೋಡಿರಲಿಲ್ಲ. ರಿಪೋರ್ಟಿನಲ್ಲಿ ಆಪರೇಟರ್, ಆಪರೇಟರ್ ಅಂತ ಒಂಬತ್ತು ಸಲ ಬರೆದಿದ್ದಳು.

"ಮೊದ್ಲು ಓಗಿ ಎಸ್ರು ಕೇಳ್ಕೊಂಡ್ ಬಾ," ಅಂದರು ನಲ್ಲಪ್ಪನವರು. ಅವರೆಕಾಳಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಆವತ್ತಿನಿಂದ ಅವರು ಮದುವೆ ಮನೆಗಳಲ್ಲಿ ಯಾರಿಗೂ ಬೆರಳು ತೋರಿಸಿಲ್ಲ.

ಮಾರನೇ ದಿನ ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದಳು. ಯಮನೂರನಿಗೆ ಮೂವತ್ತೊಂದು ವರ್ಷ, ಕುಷ್ಟಗಿ ಕಡೆಯವನು, ಚಿಕ್ಕಬಾಣಾವರದಲ್ಲಿ ಒಂದು ರೂಮಿನ ಬಾಡಿಗೆ ಮನೆ. ಹೆಂಡತಿ ಭಾಗ್ಯಶ್ರೀ ಮಗಳನ್ನು ಶಾಲೆಯಿಂದ ಕರೆತರಕ್ಕೆ ಹೋಗಿದ್ದಳು. ಮೇಡಂ ಬಂದರು ಅಂತ ಅವನು ಏಳಕ್ಕೆ ಹೋದ, ಅಭ್ಯಾಸದಲ್ಲಿ ಬಲಗೈ ಊರಕ್ಕೆ ಹೋಗಿ ಮುಖ ಕಿವುಚಿದ. ಕೃಪಾ ಸ್ಟೂಲ್ ಎಳೆದು ಕೂತು, ಬರುವಾಗ ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದನ್ನು ಹೇಳಿದಳು. ಮೀಟರ್, ಬೀಗ, ಬ್ಯಾಟರಿ. ತಾನು ಬರೆದದ್ದು.

ಅವನಿಗೆ ಅರ್ಥವಾಗಕ್ಕೆ ಹೊತ್ತು ಹಿಡಿಯಿತು. "ಹಂಗಾರ ನಾ ಕಟ್ಟಿದ್ದಿಲ್ಲ?" ಅಂತ ಕೇಳಿದ.

"ಇಲ್ಲ ಯಮನೂರ. ನೀವು ಕಟ್ಟಿರ್ಲಿಲ್ಲ. ಕಟ್ಟಿದ್ರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡು ಸಲ ಬಿದ್ದಿದ್ದು ನಿಜ."

ಅವನು ಗೋಡೆ ಕಡೆ ಮುಖ ಮಾಡಿ ಅತ್ತ. ಕೈ ಹೋದಾಗಲೂ ಇಷ್ಟು ಅತ್ತಿರಲಿಲ್ಲ ಅಂತ ಪಕ್ಕದ ಮಂಚದವರು ಆಮೇಲೆ ಹೇಳಿದರು. ಎರಡು ದಿನದಿಂದ ಬಂದವರೆಲ್ಲ ಅವನಿಗೆ ಬುದ್ಧಿ ಹೇಳಿ ಹೋಗಿದ್ದರು. ಕಟ್ಟಬಾರದಿತ್ತು ಮಾರಾಯ, ಕಟ್ಟಬಾರದಿತ್ತು. ಕಟ್ಟಿದ್ನೋ ಇಲ್ಲವೋ ಅಂತ ಅವನಿಗೇ ಅನುಮಾನ ಹತ್ತಿತ್ತು. ಬೇರೆ ದಿನ ಕಟ್ಟಿದ್ದುಂಟು, ಸುಳ್ಳಲ್ಲ.

ಕಣ್ಣೊರೆಸಿಕೊಂಡ ಮೇಲೆ ಅವನ ದನಿ ಬದಲಾಯಿತು. "ಮುಂಜಾನೆ ಶೆಡ್ಡಿನ ಸಾವ್ಕಾರ್ರು ಬಂದಿದ್ರು ಅಕ್ಕಾರ. ನಂದ ತಪ್ಪು, ರಬ್ಬರ್ ಕಟ್ಟಿದ್ದೆ ಅಂತ ಕಾಗದಕ್ಕ ಹೆಬ್ಬಟ್ಟು ಒತ್ತಿಸ್ಕೊಂಡಾರ. ಎಡಗೈದು. ಗೇಟಿಗೆ ವಾಚ್‌ಮನ್ ಮಾಡ್ಕೋತೀನಿ ಅಂದಾರ."

"ನಾನು ಇನ್ಸ್‌ಪೆಕ್ಟರ್‌ಗೆ ನಿಜ ಹೇಳ್ತೀನಿ."

"ಬ್ಯಾಡ್ರಿ." ಅವನು ಗಾಬರಿಯಾಗಿ ಎದ್ದು ಕೂತ. "ನೀವು ಹಂಗ ಹೇಳಿದ್ರ ನಾ ಸುಳ್ಳು ಬರ್ಕೊಟ್ಟಂಗ ಆಕ್ಕೈತಿ. ಕೇಸು ಯಾವಾಗ ಮುಗೀತೈತೋ, ಸಾವ್ಕಾರ್ರು ಸಿಟ್ಟಾಗ್ತಾರ, ಗೇಟಿನ ಕೆಲಸಾನೂ ಹೋಗ್ತೈತಿ. ಒಂದ ಕೈಯವನ್ನ ಇನ್ಯಾರ್ ಇಟ್ಕೋತಾರ್ರೀ? ನಿಮ್ಮ ಕೈ ಮುಗೀತೀನಿ ಅಂದ್ರ, ಮುಗ್ಯಾಕ ಎರಡ ಕೈ ಇಲ್ಲ. ಸುಮ್ನಿದ್ದಬಿಡ್ರಿ. ಮತ್ತ ಭಾಗ್ಯಶ್ರೀಗೂ ಹೇಳಬ್ಯಾಡ್ರಿ. ಆಕಿ ಸುಮ್ನಿರಾಕಿ ಅಲ್ಲ, ಸಾವ್ಕಾರ್ರ ಮನೀ ಮುಂದ ಹೋಗಿ ಕುಂಡರ್ತಾಳ."

ಕೃಪಾ ಒಪ್ಪಿಕೊಂಡಳು. ಬೇಡಿದವನು ಅವನು, ಕೊಟ್ಟವಳು ಇವಳು, ಅನುಕೂಲ ಯಾರಿಗಾಯಿತು ಅಂತ ನೀವೇ ಹೇಳಿ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿದ ಹಾಗಾಯಿತು ಅವಳಿಗೆ. ಆ ನಿರಾಳವನ್ನು ಅವಳು ಇವತ್ತಿಗೂ ತನಗೆ ತಾನು ಕ್ಷಮಿಸಿಲ್ಲ. ರಿಪೋರ್ಟಿನಲ್ಲಿ ಆಪರೇಟರ್ ಅಂತ ಇದ್ದ ಕಡೆಯೆಲ್ಲ ಯಮನೂರ ಅಂತ ತಿದ್ದಿದಳು. ಸ್ಥಳದಲ್ಲಿ ರಬ್ಬರ್ ಪಟ್ಟಿ ಕಂಡುಬಂತು ಅಂತ ಬರೆದು, ಕೆಳಗೆ ಕೆ.ಎನ್. ಅಂತ ಸಹಿ ಮಾಡಿದಳು.

ಆಮೇಲೆ ಬಾಯಿ ಮುಚ್ಚಿಸಿದ್ದ ಸಾಲುಗಳನ್ನೆಲ್ಲ ಅವಳು ಮತ್ತೆ ತೆರೆದಳು. ಏಳು ತಿಂಗಳು ಹಿಡಿಯಿತು. ಒಂದೊಂದಕ್ಕೂ ಕೂತು, ಕಾಗದದ ಮೇಲೆ ಲೆಕ್ಕ ಹಾಕಿ ಸರಿಮಾಡಿದಳು. ಆ ರಾಶಿಯಲ್ಲಿ ಇನ್ನೂ ಮೂರು ನಿಜವಾದ ತೋಳ ಸಿಕ್ಕವು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಸೊನ್ನೆ ಬಂದ ದಿನ ಶ್ರೀಧರ್ ದೋಸೆ ತರಿಸಿದರು. ಕೃಪಾ ತಿನ್ನಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದಳು.

ಮುಂದಿನ ಮಾರ್ಚಿನಲ್ಲಿ ಸಿದ್ದರಾಜು ಶೆಡ್ಡಿನಲ್ಲಿ ಸುರಕ್ಷತಾ ದಿನ ಮಾಡಿದರು. ಎಲ್ಲ ಕಾರ್ಖಾನೆಗಳಲ್ಲೂ ಮಾಡ್ತಾರೆ. ಬ್ಯಾನರ್ ಕಟ್ಟೋದು, ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಓದೋದು, ಲಾಡು ಹಂಚೋದು. ಪೆಟ್ಟಿಗೆ ಕಂಪನಿಯವರು ಬಂದು ಎರಡು ಮಾತಾಡಬೇಕು ಅಂತ ಕರೆದರು. ಶ್ರೀಧರ್ ಕೃಪಾಳನ್ನೇ ಕಳಿಸಿದರು, ಬೇಡ ಅನ್ನಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಗೇಟಿನಲ್ಲಿ ಯಮನೂರ ಖಾಕಿ ಅಂಗಿ ಹಾಕಿಕೊಂಡು ಎಡಗೈಯಲ್ಲಿ ಸಲಾಂ ಹೊಡೆದ. ರಿಜಿಸ್ಟರಿನಲ್ಲಿ ಅವಳ ಹೆಸರನ್ನೂ ಎಡಗೈಯಲ್ಲೇ ಬರೆದ, ಒಂದೊಂದಕ್ಷರ ತಿದ್ದಿ ತೀಡಿ.

ಕೃಪಾಗೆ ಪ್ಲಾಸ್ಟಿಕ್ ಕುರ್ಚಿ, ಹೆಗಲಿಗೆ ಒಂದು ಶಾಲು. ಪ್ರತಿಜ್ಞೆ ಆದಮೇಲೆ ಸಿದ್ದರಾಜು ಮೈಕ್ ಹಿಡಿದರು. "ಬಾರಪ್ಪಾ ಯಮನೂರ, ಒಸಬ್ರಿಗೆ ಸ್ವಲ್ಪ ಯೋಳು."

ಹೊಸದಾಗಿ ಸೇರಿದವರ ಎದುರಿಗೆಲ್ಲ ಅವನು ಇದನ್ನು ಹೇಳಬೇಕಂತೆ. ತಿಂಗಳಿಗೆರಡು ಸಲವಾದರೂ ಇರುತ್ತಂತೆ, ಕೃಪಾಗೆ ಅಲ್ಲೇ ಗೊತ್ತಾದದ್ದು. 'ವಾಚ್‌ಮನ್ ಕೆಲಸ' ಅಂದರೆ ಇದೂ ಅದರಲ್ಲಿ ಸೇರಿತ್ತು. ಯಮನೂರ ಮುಂದೆ ಬಂದು ನಿಂತು, ಅಂಗಿ ತೋಳು ಮಡಿಸಿ, ಮೊಂಡುಗೈ ಎತ್ತಿ ತೋರಿಸಿದ. "ಅಣ್ಣಾರ, ತಮ್ಮಾರ, ಬಟನ್ ಕಟ್ಟಬ್ಯಾಡ್ರಿ. ನಾ ಕಟ್ಟಿದ್ದೆ. ಬಲಗಡೆ ಬಟನ್ನಿಗೆ, ಸೈಕಲ್ ಟ್ಯೂಬಿನ ರಬ್ಬರ್, ಎರಡ ಸುತ್ತು. ನಾಕ ಪೀಸು ಜಾಸ್ತಿ ಬೀಳ್ತಾವಂತ ಆಸೆ ಪಟ್ಟೆ. ಮಾಡಿದ್ದುಣ್ಣೋ ಮಹಾರಾಯ ಅಂದಂಗಾತು." ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಅವನಿಗೆ ಗೊತ್ತಾಗಿಬಿಟ್ಟಿತ್ತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕು ಕೃಪಾಗೆ ಬಂತು. ಹೆಲ್ಮೆಟ್ಟು, ಗ್ಲೌಸು ಅಂತ ಏನೋ ಎರಡು ಮಾತಾಡಿ ಕೂತಳು.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹೆಂಗಸು ಚಹಾ ತಂದಳು. ಭಾಗ್ಯಶ್ರೀ. ಈಗ ಅಲ್ಲೇ ಕಸ ಗುಡಿಸಿ ಚಹಾ ಮಾಡ್ತಾಳಂತೆ. ಹಿಂದೆಯೇ ಯಮನೂರನೂ ಲಾಡಿನ ತಟ್ಟೆ ಹಿಡಿದು ಬಂದ.

"ನಾ ಎಷ್ಟ್ ಬಡ್ಕೊಂಡಿದ್ದೆ ಮೇಡಮ್ಮಾರ," ಅಂದಳು ಭಾಗ್ಯಶ್ರೀ. "ಕಟ್ಟಬ್ಯಾಡ, ಕಟ್ಟಬ್ಯಾಡ ಅಂತ. ಕೇಳ್ಲಿಲ್ಲ ಈ ಮನುಷ್ಯಾ. ಮಗಳು ಕೇಳ್ತಾಳ, ಅಪ್ಪಾ ಯಾಕ ಕಟ್ಟಿದಿ ಅಂತ. ಏನ್ ಹೇಳ್ತಾನ? ತಲಿ ತೆಳಗ ಹಾಕ್ತಾನ. ನನಗ ಸಿಟ್ಟು ಬಂದ್ರ ನಾನೂ ಅಂತೀನ್ರಿ. ಊಟ ಬಿಟ್ಟು ಎದ್ದು ಹೋಗ್ತಾನ."

ಕೃಪಾ ಲೋಟ ಕೆಳಗಿಟ್ಟಳು. ಒಂದು ವರ್ಷ ನುಂಗಿದ್ದು ಇನ್ನು ಒಳಗೆ ನಿಲ್ಲುವ ಹಾಗಿರಲಿಲ್ಲ. ಕೊಟ್ಟ ಮಾತು ಮುರಿಯುತ್ತಿದ್ದೀನಿ ಅಂತ ಗೊತ್ತಿದ್ದೇ ಮುರಿದಳು. "ಅವ್ರು ಕಟ್ಟಿರ್ಲಿಲ್ಲ ಭಾಗ್ಯಶ್ರೀ. ತಪ್ಪು ನಂದು. ಆ ಪೆಟ್ಟಿಗೇಲಿ ನಾನ್ ಬರ್ದಿದ್ದು ತಪ್ಪಾಗಿತ್ತು, ಅದಕ್ಕೇ ಎರಡು ಸಲ ಬಿತ್ತು. ಅವತ್ತು ಆಸ್ಪತ್ರೇಲೇ ಅವ್ರಿಗೆ ಹೇಳಿದೀನಿ. ಬೇಕಾದ್ರೆ ಅವ್ರನ್ನೇ ಕೇಳಿ."

ಭಾಗ್ಯಶ್ರೀ ಗಂಡನ ಕಡೆ ತಿರುಗಿದಳು. ಯಮನೂರ ಲಾಡಿನ ತಟ್ಟೆಯನ್ನು ಮೊಂಡುಗೈಯ ಸಂದಿಗೆ ಒತ್ತಿ ಹಿಡಿದುಕೊಂಡಿದ್ದ. ಹತ್ತು ಹೆಜ್ಜೆ ಆಚೆ ಸಿದ್ದರಾಜು ಯಾರ ಜೊತೆಯೋ ನಗುತ್ತಾ ನಿಂತಿದ್ದರು. ಅವರ ಕಡೆ ಒಮ್ಮೆ ನೋಡಿದ, ಹೆಂಡತಿಯ ಮುಖ ನೋಡಿದ. ಕೃಪಾಳ ಕಡೆ ನೋಡಲಿಲ್ಲ.

"ಅಕ್ಕಾರ ಮನಸು ದೊಡ್ಡದು," ಅಂದ. "ನನಗ ಬ್ಯಾಸರ ಆಗಬಾರದಂತ ಹಂಗ ಅಂತಾರ. ನಾನ ಕಟ್ಟಿದ್ದೆ."

ಭಾಗ್ಯಶ್ರೀಯ ಕಣ್ಣು ತುಂಬಿ ಬಂತು. ಬಗ್ಗಿ ಕೃಪಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ತಪ್ಪು ಮಾಡಿದವ್ನ ಮ್ಯಾಲೂ ಇಷ್ಟ್ ಕನಿಕರ ಇಟ್ಟೀರಲ್ಲ ನೀವು," ಅಂದಳು. ಆಮೇಲೆ ಲೋಟ ಎತ್ತಿ ಕೃಪಾಳ ಕೈಗೆ ಕೊಟ್ಟಳು. "ಚಾ ಆರ್ತೈತಿ, ಕುಡೀರಿ." ಇಬ್ಬರೂ ನೋಡುತ್ತಾ ನಿಂತಿದ್ದರು, ಕೃಪಾ ಕುಡಿದಳು.